ಪಕ್ಕೆಯ ನೋವು ನಿಂತಾಗ

“ಪಕ್ಕೆ ಹಿಡಿದುಕೊಂಡಿದೆ”, “ಉಸಿರೆಳೆದರೆ ಚುಚ್ಚುತ್ತದೆ”, “ಎಲ್ಲೋ ವಾಯು ಸೇರಿರಬೇಕು” — ಇಂಥ ಮಾತು ಕೇಳಿಬರದ ಮನೆ ನಮ್ಮ ನಾಡಿನಲ್ಲಿ ಇಲ್ಲವೆಂದೇ ಹೇಳಬಹುದು. ಮನೆಯ ಹಿರಿಯರು ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಡುತ್ತಾರೆ. ಎಣ್ಣೆ ಕಾಸಿ ಹಚ್ಚುತ್ತಾರೆ. ಅಂಗಡಿಯಿಂದ ಒಂದು ನೋವಿನ ಮಾತ್ರೆ ಬರುತ್ತದೆ. ಬಹುಮಟ್ಟಿಗೆ ಎರಡು ಮೂರು ದಿನಗಳಲ್ಲಿ ನೋವು ಹೋಗುತ್ತದೆ. ಮಾಂಸಖಂಡ ಉಳುಕಿದ್ದರೆ ಹೋಗಬೇಕಾದದ್ದೇ. ಆದರೆ ಕೆಲವು ವೇಳೆ ಪಕ್ಕೆಯ ನೋವು ಹೋಗುವುದು ರೋಗ ಇಳಿದದ್ದರಿಂದಲ್ಲ, ರೋಗ ಬೆಳೆದದ್ದರಿಂದ. ಕೇಳುವುದಕ್ಕೆ ವಿಚಿತ್ರವೆನಿಸುವ ಈ ಸಂಗತಿಯನ್ನು ನಿಮಗೆ ತಿಳಿಯಹೇಳಬೇಕೆಂಬುದೇ ಈ ಭಾಷಣದ ಉದ್ದೇಶ. ಶ್ವಾಸಕೋಶದ ದೊಡ್ಡ ಕಾಯಿಲೆಗಳಲ್ಲಿ ‘ಗುಣ ಕಂಡಿತು’ ಎನ್ನುವುದು ಬೇರೆ, ‘ಗುಣವಾಯಿತು’ ಎನ್ನುವುದು ಬೇರೆ. ಈ ಎರಡರ ನಡುವಿನ ಅಂತರದಲ್ಲಿಯೇ ನಾವು ಎಷ್ಟೋ ಮಂದಿಯನ್ನು ಕಳೆದುಕೊಳ್ಳುತ್ತೇವೆ.

ಮೊದಲು ಎದೆಗೂಡಿನ ಒಳಗೆ ಒಮ್ಮೆ ಇಣಿಕಿ ನೋಡೋಣ. ಬಲಗಡೆ ಒಂದು, ಎಡಗಡೆ ಒಂದು, ಹೀಗೆ ಎರಡು ಶ್ವಾಸಕೋಶಗಳು. ದಿನವೊಂದಕ್ಕೆ ಸುಮಾರು 20 ಸಾವಿರ ಸಲ ಇವು ಹಿಗ್ಗಿ ಕುಗ್ಗುತ್ತವೆ. ಇಷ್ಟು ಸಲ ಪಕ್ಕೆಲುಬಿನ ಗೋಡೆಗೆ ಉಜ್ಜಿಯೂ ಸವೆಯದಿರುವುದು ಹೇಗೆ? ಪ್ರಕೃತಿ ಅದಕ್ಕೊಂದು ಉಪಾಯ ಮಾಡಿದೆ. ಶ್ವಾಸಕೋಶದ ಮೇಲೆ ಒಂದು ನಯವಾದ ಪೊರೆ. ಎದೆಗೂಡಿನ ಒಳಗೋಡೆಗೆ ಇನ್ನೊಂದು ಪೊರೆ. ಇವುಗಳಿಗೆ ವೈದ್ಯರು ಪ್ಲೂರಾ ಎನ್ನುತ್ತಾರೆ. ಎರಡು ಪೊರೆಗಳ ನಡುವೆ ಒಂದೆರಡು ಚಮಚದಷ್ಟು ದ್ರವ, ಬಂಡಿಯ ಅಚ್ಚಿಗೆ ಹಾಕಿದ ಕೀಲೆಣ್ಣೆಯಂತೆ. ಅದರಿಂದಾಗಿ ಉಸಿರಾಟ ನಮ್ಮ ಅರಿವಿಗೇ ಬಾರದಂತೆ ನಡೆದುಹೋಗುತ್ತದೆ.

ಈ ಪೊರೆಗೆ ಉರಿಯೂತ ಬಂದರೆ ಅದೇ ಪ್ಲೂರಸಿ. ನಯವಾಗಿದ್ದ ಪೊರೆ ಒರಟಾಗುತ್ತದೆ. ಉಸಿರೆಳೆದಾಗಲೆಲ್ಲ ಒರಟು ಒರಟಿಗೆ ಉಜ್ಜುತ್ತದೆ. ಶ್ವಾಸಕೋಶಕ್ಕೆ ತಾನಾಗಿ ನೋವು ತಿಳಿಯುವ ನರಗಳಿಲ್ಲ. ಆದರೆ ಗೋಡೆಯ ಕಡೆಯ ಪೊರೆಗೆ ಉಂಟು. ಆದುದರಿಂದ ಚಾಕುವಿನಿಂದ ಇರಿದಂಥ ನೋವು. ಕೆಮ್ಮಿದರೆ, ಸೀನಿದರೆ, ಆಳವಾಗಿ ಉಸಿರೆಳೆದರೆ ಇನ್ನೂ ಹೆಚ್ಚು. ಆಗ ವೈದ್ಯರು ಎದೆಗೆ ಕಿವಿಕೊಟ್ಟರೆ ಹೊಸ ಚರ್ಮದ ಚಪ್ಪಲಿ ಮೆಟ್ಟಿ ನಡೆದಂತೆ ಕಿರುಗುಟ್ಟುವ ಸದ್ದು ಕೇಳಿಸುವುದುಂಟು.

ಮುಂದೆ ಏನಾಗುತ್ತದೆ? ಉರಿಯೂತ ಬಂದ ಪೊರೆಯಿಂದ ನೀರು ಒಸರತೊಡಗುತ್ತದೆ. ಚಮಚದಷ್ಟಿದ್ದದ್ದು ಲೋಟದಷ್ಟಾಗುತ್ತದೆ, ಲೋಟ ಚೊಂಬಾಗುತ್ತದೆ. ಒಂದೂವರೆ ಎರಡು ಲೀಟರು ನೀರು ನಿಂತವರನ್ನು ನಾವು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ನೋಡುತ್ತೇವೆ. ನೀರು ನಡುವೆ ನಿಂತ ಮೇಲೆ ಪೊರೆಗಳು ಒಂದನ್ನೊಂದು ಮುಟ್ಟುವುದಿಲ್ಲ. ಉಜ್ಜಾಟ ನಿಂತಿತು, ನೋವೂ ನಿಂತಿತು! ಮನೆಯವರು ‘ಅಬ್ಬ’ ಎಂದು ನಿಟ್ಟುಸಿರು ಬಿಡುತ್ತಾರೆ. ಒಳಗೆ ಮಾತ್ರ ನೀರಿನ ಭಾರಕ್ಕೆ ಶ್ವಾಸಕೋಶ ಮೂಲೆಗೆ ಮುದುರಿಕೊಳ್ಳುತ್ತಿರುತ್ತದೆ.

ನಾನು ಕಂಡ ಒಬ್ಬ ರೋಗಿಯ ಕಥೆಯನ್ನು ಇಲ್ಲಿ ಹೇಳಬೇಕು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಜಿಲ್ಲಾ ಆಸ್ಪತ್ರೆಗೆ 26 ವರ್ಷದ ಯುವಕನೊಬ್ಬ ತಾಯಿಯೊಡನೆ ಬಂದ. ಲಾರಿಯಲ್ಲಿ ಕೆಲಸ. ಮೂರು ವಾರಗಳ ಹಿಂದೆ ಬಲಪಕ್ಕೆಯಲ್ಲಿ ನೋವು, ಸಂಜೆಯಾದರೆ ಸಣ್ಣ ಜ್ವರ, ಒಣಕೆಮ್ಮು. ಎಂಟು ಹತ್ತು ದಿನಗಳಲ್ಲಿ ನೋವು ತಾನಾಗಿ ನಿಂತಿತು. ತಾಯಿ ದೇವರಿಗೆ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಆಮೇಲೆ ಮಗನಿಗೆ ಲಾರಿ ಹತ್ತಿದರೆ ಏದುಸಿರು, ಎಡಮಗ್ಗುಲಾಗಿ ಮಲಗಿದರೆ ಉಸಿರು ಕಟ್ಟಿದಂತೆ. ಬಲಗಡೆ ನೀರು ನಿಂತಿದೆ ಎಂದು ನಾನು ಹೇಳಿದಾಗ ಆ ತಾಯಿ ನಂಬಲಿಲ್ಲ. “ನೋವು ಹೋಯಿತಲ್ಲ ಸ್ವಾಮಿ, ಇನ್ನೇನು?” ಎಂದಳು. ಈ ಪ್ರಶ್ನೆಯನ್ನು ನೆನಪಿಟ್ಟುಕೊಳ್ಳಿ. ಮತ್ತೆ ಅಲ್ಲಿಗೆ ಬರುತ್ತೇನೆ.

ನೀರು ನಿಂತಿದೆಯೆಂದು ವೈದ್ಯರಿಗೆ ತಿಳಿಯುವುದು ಹೇಗೆ? ಎಲ್ಲಕ್ಕಿಂತ ಮೊದಲಿನ ಉಪಕರಣ ಅವರ ಬೆರಳು. ವಿಯನ್ನಾ ನಗರದ ಲಿಯೊಪೋಲ್ಡ್ ಔಎನ್‌ಬ್ರುಗ್ಗರ್ ಎಂಬ ವೈದ್ಯ 1761ರಲ್ಲಿ ಒಂದು ಚಿಕ್ಕ ಪುಸ್ತಕ ಬರೆದು, ಎದೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳಿದರೆ ಒಳಗಿನ ರೋಗ ತಿಳಿಯುತ್ತದೆ ಎಂದು ಸಾರಿದ. ಆತ ವಸತಿಗೃಹ ನಡೆಸುತ್ತಿದ್ದವನ ಮಗ. ಪೀಪಾಯಿಯಲ್ಲಿ ಮದ್ಯ ಎಲ್ಲಿಯವರೆಗೆ ಇದೆ ಎಂದು ತಂದೆ ತಟ್ಟಿ ನೋಡುತ್ತಿದ್ದುದರಿಂದ ಈ ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ನಮ್ಮ ಹೆಂಗಸರು ಎಣ್ಣೆಯ ಡಬ್ಬಿ ತಟ್ಟಿ ನೋಡುವುದೂ ಇದೇ ವಿದ್ಯೆ. ಗಾಳಿ ತುಂಬಿದ ಎದೆ ಡೋಲಿನಂತೆ ನುಡಿಯುತ್ತದೆ. ನೀರು ತುಂಬಿದ ಎದೆ ಗೋಡೆ ತಟ್ಟಿದಂತೆ ಮಂಕಾಗಿ ಸದ್ದು ಮಾಡುತ್ತದೆ. 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯ ಕಾಗದವನ್ನು ಸುರುಳಿ ಸುತ್ತಿ ಎದೆಗಿಟ್ಟು ಕೇಳಿದ್ದೇ ಸ್ಟೆತಾಸ್ಕೋಪಿನ ಹುಟ್ಟು. ಎದೆಯ ರೋಗಗಳನ್ನು ಕಿವಿಯಿಂದ ಓದುವುದನ್ನು ಜಗತ್ತಿಗೆ ಕಲಿಸಿದ ಆತ 1826ರಲ್ಲಿ ತಾನೇ ಕ್ಷಯದಿಂದ ತೀರಿಕೊಂಡ.

ಇಂದು ಎಕ್ಸ್‌ರೇ ಇದೆ, ಸ್ಕ್ಯಾನಿಂಗ್ ಇದೆ. ನಿಂತು ತೆಗೆಸಿದ ಎಕ್ಸ್‌ರೇಯಲ್ಲಿ ಕಾಲು ಲೀಟರಿಗೆ ಸಮೀಪದಷ್ಟು ನೀರು ಸೇರುವವರೆಗೆ ಗುರುತು ಸಿಕ್ಕದಿರಬಹುದು. ಅಲ್ಟ್ರಾಸೌಂಡಿನಲ್ಲಿ ಅದಕ್ಕಿಂತ ಬಹಳ ಕಡಮೆ ನೀರೂ ಕಾಣುತ್ತದೆ. ಆದರೂ ನೀರು ಇದೆಯೆಂದು ತಿಳಿದರೆ ಅರ್ಧ ಕೆಲಸವಾಯಿತಷ್ಟೆ. ಅದು ಯಾವ ನೀರು, ಏಕೆ ಬಂತು ಎಂದು ತಿಳಿಯಬೇಕಾದರೆ ಸೂಜಿ ಹಾಕಿ ಸ್ವಲ್ಪ ತೆಗೆದು ನೋಡಲೇಬೇಕು.

ಈ ಸೂಜಿಯ ಹೆಸರು ಕೇಳಿದೊಡನೆ ನಮ್ಮ ಜನ ಬೆದರುತ್ತಾರೆ. “ಒಂದು ಸಲ ನೀರು ತೆಗೆದರೆ ಮತ್ತೆ ಮತ್ತೆ ತೆಗೆಯಬೇಕಾಗುತ್ತದೆ”, “ಸೂಜಿ ಗುಂಡಿಗೆಗೆ ತಗುಲುತ್ತದೆ” ಎಂಬ ಮಾತುಗಳು ಹಬ್ಬಿವೆ. ಎರಡೂ ಸರಿಯಲ್ಲ. ನೀರು ಮತ್ತೆ ಬರುವುದು ಮೂಲ ರೋಗದಿಂದಲೇ ಹೊರತು ಸೂಜಿಯಿಂದಲ್ಲ. ಸೂಜಿ ಹಾಕುವ ಜಾಗಕ್ಕೆ ಮರಗಟ್ಟುವ ಮದ್ದು ಕೊಡುತ್ತಾರೆ. ಸ್ಕ್ಯಾನಿಂಗಿನಲ್ಲಿ ನೋಡಿಕೊಂಡು ಹಾಕುವುದರಿಂದ ಅಪಾಯ ಇನ್ನೂ ಕಡಮೆ. ರೋಗಿ ಕುಳಿತು ಮುಂದಕ್ಕೆ ಬಾಗಿ ದಿಂಬಿನ ಮೇಲೆ ಕೈಯೂರಿಕೊಂಡಿರುತ್ತಾನೆ. ಅವನು ಮಾಡಬೇಕಾದದ್ದು ಎರಡೇ. ಮೊದಲನೆಯದು, ಅಲುಗಾಡದಿರುವುದು. ಎರಡನೆಯದು, ಕೆಮ್ಮು ಒತ್ತರಿಸಿ ಬಂದರೆ ಅಥವಾ ಎದೆ ಬಿಗಿದಂತಾದರೆ ಕೂಡಲೇ ಹೇಳುವುದು. ಬಹಳ ನೀರಿದ್ದರೂ ಒಂದೇ ಸಲಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚು ತೆಗೆಯುವುದಿಲ್ಲ. ಮುದುರಿದ್ದ ಶ್ವಾಸಕೋಶ ತಟ್ಟನೆ ಬಿಚ್ಚಿಕೊಂಡರೆ ಅದರೊಳಗೇ ನೀರೂರಿ ತೊಂದರೆಯಾದೀತು. “ಪೂರ್ತಿ ತೆಗೆಯಲಿಲ್ಲವಲ್ಲ” ಎಂದು ವೈದ್ಯರ ಮೇಲೆ ಮುನಿಯಬೇಡಿ. ಅದು ಎಚ್ಚರಿಕೆ, ಉದಾಸೀನವಲ್ಲ.

ಹೊರಬಂದ ನೀರು ತಾನೇ ಮಾತನಾಡುತ್ತದೆ. 1972ರಲ್ಲಿ ರಿಚರ್ಡ್ ಲೈಟ್ ಎಂಬ ಅಮೆರಿಕದ ವೈದ್ಯರು ಈ ನೀರಿನ ಪ್ರೋಟೀನು ಮುಂತಾದವನ್ನು ರಕ್ತದಲ್ಲಿರುವುದರೊಡನೆ ಹೋಲಿಸಿ, ನೀರನ್ನು ಎರಡು ಜಾತಿಯಾಗಿ ವಿಂಗಡಿಸುವ ಕ್ರಮವನ್ನು ತೋರಿಸಿದರು. ಇಂದಿಗೂ ವೈದ್ಯರು ಅದನ್ನೇ ಅನುಸರಿಸುತ್ತಾರೆ. ತೆಳುವಾದ ನೀರಾದರೆ ಸಾಮಾನ್ಯವಾಗಿ ದೋಷ ಎದೆಯ ಪೊರೆಯಲ್ಲಿಲ್ಲ. ಹೃದಯವೋ ಮೂತ್ರಪಿಂಡವೋ ಪಿತ್ತಕೋಶದ ನೆರೆಯ ಯಕೃತ್ತೋ ಸೋತಿದೆ ಎಂದರ್ಥ. ಅದಕ್ಕೆ ಮದ್ದು ಮಾಡಿದರೆ ನೀರು ಇಳಿಯುತ್ತದೆ. ಪ್ರೋಟೀನು ತುಂಬಿದ ನೀರಾದರೆ ರೋಗ ಅಲ್ಲಿಯೇ ಇದೆ. ನಮ್ಮ ದೇಶದಲ್ಲಿ, ಅದರಲ್ಲೂ ಹರೆಯದವರಲ್ಲಿ, ಒಂದೇ ಪಕ್ಕದಲ್ಲಿ ಹೊಂಬಣ್ಣದ ತಿಳಿನೀರು ಸಿಕ್ಕಿದರೆ ವೈದ್ಯರಿಗೆ ಮೊದಲು ಬರುವ ಸಂಶಯ ಕ್ಷಯದ್ದು. ಈ ನೀರಿನಲ್ಲಿ ಕ್ಷಯದ ಕ್ರಿಮಿಗಳು ಬಹಳ ವಿರಳ. ಆದುದರಿಂದ ‘ನೀರಿನಲ್ಲಿ ಕ್ರಿಮಿ ಸಿಕ್ಕಲಿಲ್ಲ’ ಎಂದ ಮಾತ್ರಕ್ಕೆ ಕ್ಷಯವಿಲ್ಲವೆಂದು ತಿಳಿಯಬಾರದು. ನೀರಿನ ಬೇರೆ ಪರೀಕ್ಷೆಗಳು, ಕಫದ ಪರೀಕ್ಷೆ, ಬೇಕಾದರೆ ಪೊರೆಯ ಚೂರು ತೆಗೆದು ಮಾಡುವ ಪರೀಕ್ಷೆ, ಇವೆಲ್ಲ ಸೇರಿ ತೀರ್ಮಾನವಾಗಬೇಕು.

ಆ ಯುವಕನ ಎದೆಯಿಂದ ಮೊದಲ ದಿನ ಒಂದು ಲೀಟರಿಗೂ ಹೆಚ್ಚು ಹೊಂಬಣ್ಣದ ನೀರು ಬಂತು. ಅದೇ ಸಂಜೆ ಅವನು ಚಪ್ಪಟೆಯಾಗಿ ಮಲಗಿ ನಿದ್ದೆ ಮಾಡಿದ. ತಾಯಿ ಕೈಮುಗಿದಳು. ಕ್ಷಯವೆಂದು ಖಚಿತವಾಯಿತು. ಮಾತ್ರೆಗಳನ್ನು ಕೊಟ್ಟು, “ಆರು ತಿಂಗಳು ಬಿಡದೆ ನುಂಗಬೇಕು” ಎಂದು ಹೇಳಿ ಕಳುಹಿಸಿದೆವು. ಎರಡು ತಿಂಗಳಲ್ಲಿ ಜ್ವರವಿಲ್ಲ, ಕೆಮ್ಮಿಲ್ಲ, ನೀರಿಲ್ಲ, ಮೈ ತುಂಬಿಕೊಂಡಿತು. ಅವನು ಲಾರಿ ಹತ್ತಿ ಹೋದ. ಮಾತ್ರೆ ಮನೆಯಲ್ಲಿಯೇ ಉಳಿಯಿತು.

ಇದರಲ್ಲಿ ಏನು ಅಪಾಯ ಎಂದು ನೀವು ಕೇಳಬಹುದು. ಕ್ಷಯದಿಂದ ಬಂದ ಪಕ್ಕೆಯ ನೀರು ಮದ್ದಿಲ್ಲದೆಯೂ ಎಷ್ಟೋ ಸಲ ತಾನಾಗಿ ಆರಿಹೋಗುತ್ತದೆ! ಇದೇ ಇದರ ಮೋಸ. ಮದ್ದುಗಳಿಲ್ಲದ ಕಾಲದಲ್ಲಿ ಹೀಗೆ ನೀರು ಬಂದಿದ್ದ 141 ಮಂದಿ ಅಮೆರಿಕದ ಸೈನಿಕರನ್ನು ವರ್ಷಗಳ ಕಾಲ ಹಿಂಬಾಲಿಸಿ ನೋಡಿದ ರೋಪರ್ ಮತ್ತು ವೇರಿಂಗ್ ಎಂಬ ವೈದ್ಯರು 1955ರಲ್ಲಿ ಲೆಕ್ಕ ಪ್ರಕಟಿಸಿದರು. ಅವರಲ್ಲಿ ನೂರಕ್ಕೆ 65 ಮಂದಿಗೆ ಮುಂದೆ ಕ್ಷಯ ಮತ್ತೆ ಹೆಡೆಯೆತ್ತಿತ್ತು. ನೀರು ಆರಿತ್ತು, ಬೇರು ಆರಿರಲಿಲ್ಲ.

ಹೊಲದಲ್ಲಿ ಜೇಕು ಕಿತ್ತವರಿಗೆ ಇದು ಚೆನ್ನಾಗಿ ಗೊತ್ತು. ಮೇಲಿನ ಹುಲ್ಲನ್ನು ಒಂದು ದಿನದಲ್ಲಿ ಕೊಯ್ದುಬಿಡಬಹುದು. ನೆಲದೊಳಗಿನ ಗೆಡ್ಡೆ ಉಳಿದಿದ್ದರೆ ಒಂದು ಮಳೆ ಸಾಕು, ಮತ್ತೆ ಹೊಲವೆಲ್ಲ ಹಸುರು. ಕ್ಷಯದ ಕ್ರಿಮಿಗಳಲ್ಲಿಯೂ ಹಾಗೆಯೇ. ಚುರುಕಾಗಿ ಬೆಳೆಯುವವು ಮೊದಲ ಕೆಲವು ವಾರಗಳಲ್ಲಿಯೇ ಸಾಯುತ್ತವೆ. ಆಗ ಜ್ವರ ಇಳಿಯುತ್ತದೆ, ಹಸಿವು ಹುಟ್ಟುತ್ತದೆ. ನಿದ್ರಿಸುತ್ತಿರುವ ಕೆಲವು ಮಾತ್ರ ಮದ್ದಿಗೆ ಸುಲಭವಾಗಿ ಸಿಕ್ಕುವುದಿಲ್ಲ. ಮೊದಲ ಎರಡು ತಿಂಗಳು ನಾಲ್ಕು ಮದ್ದು, ಆಮೇಲೆ ನಾಲ್ಕು ತಿಂಗಳು ಮೂರು ಮದ್ದು ಎಂಬ ಕ್ರಮ ಆ ನಿದ್ರಿಸುವ ಕ್ರಿಮಿಗಳಿಗಾಗಿ. ಮೊದಲ ಎರಡು ತಿಂಗಳು ರೋಗಿಗೆ ಗೊತ್ತಾಗುವ ಚಿಕಿತ್ಸೆ. ಮುಂದಿನ ನಾಲ್ಕು ತಿಂಗಳು ಅವನಿಗೆ ಗೊತ್ತಾಗದ ಚಿಕಿತ್ಸೆ. ಮದ್ದು ತೆಗೆದುಕೊಳ್ಳುವಾಗ ಮೂತ್ರ ಕೆಂಪಗಾದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಆದರೆ ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ, ದೃಷ್ಟಿ ಮಂದವಾದರೆ ಅದೇ ದಿನ ವೈದ್ಯರನ್ನು ಕಾಣಿ.

ಇಷ್ಟನ್ನು ನಾನು ಅಂದು ಆ ಯುವಕನಿಗೆ ಹೇಳಿರಲಿಲ್ಲ. ಆರು ತಿಂಗಳು ಎಂದು ಹೇಳಿದ್ದೆ. ಏಕೆ ಆರು ತಿಂಗಳು ಎಂದು ಹೇಳಿರಲಿಲ್ಲ. ಹೊರಗೆ ಐವತ್ತು ಮಂದಿ ಸಾಲಿನಲ್ಲಿದ್ದರು. ಒಂದೂವರೆ ವರ್ಷದ ಮೇಲೆ ಅವನು ಬಂದಾಗ ಗುರುತು ಹಿಡಿಯುವುದು ಕಷ್ಟವಾಯಿತು. ಈ ಸಲ ರೋಗ ಶ್ವಾಸಕೋಶದೊಳಗೇ ಗೂಡು ಮಾಡಿಕೊಂಡಿತ್ತು, ಕಫದಲ್ಲಿ ರಕ್ತ. ಪಕ್ಕೆಯ ನೀರಿನ ಕ್ಷಯ ತಾನಾಗಿ ಇನ್ನೊಬ್ಬರಿಗೆ ಹರಡುವುದು ಕಡಮೆ, ಶ್ವಾಸಕೋಶದ ಕ್ಷಯ ಕೆಮ್ಮಿನೊಡನೆ ಹರಡುತ್ತದೆ. ಅವನ ನಾಲ್ಕು ವರ್ಷದ ಮಗಳಿಗೂ ತಗುಲಿತ್ತು. ಪುಣ್ಯಕ್ಕೆ ಮದ್ದಿಗೆ ಬಗ್ಗುವ ಕ್ರಿಮಿಯೇ ಆಗಿತ್ತು. ಇಬ್ಬರೂ ಉಳಿದರು. ಮಗು ಪೂರ್ತಿ ಚೇತರಿಸಿಕೊಂಡಿತು. ತಂದೆಯ ಬಲ ಶ್ವಾಸಕೋಶ ಮಾತ್ರ ಕುಗ್ಗಿಯೇ ಉಳಿಯಿತು. ಲಾರಿಯ ಕೆಲಸ ಹೋಯಿತು. ತಪ್ಪು ಅವನೊಬ್ಬನದೆಂದು ನಾನು ಇಂದಿಗೂ ಹೇಳಲಾರೆ.

ನಮ್ಮ ನಾಡಿನಲ್ಲಿಯೇ ಇದಕ್ಕೊಂದು ಹಳೆಯ ಸಾಕ್ಷಿಯುಂಟು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪಿತವಾಯಿತು. ಅಲ್ಲಿನವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಮಾತನಾಡಿಸಿ 1963ರಲ್ಲಿ ಒಂದು ವರದಿ ಪ್ರಕಟಿಸಿದರು. ಹಳ್ಳಿಯವರಿಗೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೆ ಬರುವುದಿಲ್ಲ ಎಂಬುದು ಆವರೆಗಿನ ನಂಬಿಕೆ. ವಿಚಾರಿಸಿದರೆ, ಬಹುಪಾಲು ರೋಗಿಗಳಿಗೆ ತಮ್ಮ ಕಾಯಿಲೆಯ ಲಕ್ಷಣಗಳ ಅರಿವಿತ್ತು. ಅರ್ಧದಷ್ಟು ಮಂದಿ ಆಗಲೇ ಆಸ್ಪತ್ರೆಗಳ ಬಾಗಿಲು ತಟ್ಟಿ ಬಂದಿದ್ದರು! ಅವರಲ್ಲಿ ಹಲವರಿಗೆ ಸಿಕ್ಕಿದ್ದು ಒಂದು ಸೀಸೆ ಕೆಮ್ಮಿನ ಔಷಧ. ಜನ ಬರುತ್ತಾರೆ, ಬಂದವರಿಗೆ ತಿಳಿಯಹೇಳಿ ಸರಿಯಾದ ಮದ್ದು ಕೊಡುವುದು ನಮ್ಮ ಪಾಲಿನ ಕೆಲಸ. ಅದೇ ಕಾಲದಲ್ಲಿ ಮದರಾಸಿನಲ್ಲಿ 1956ರಲ್ಲಿ ಆರಂಭವಾದ ಇನ್ನೊಂದು ಪ್ರಯೋಗ ಜಗತ್ತಿನ ಕಣ್ಣು ತೆರೆಸಿತು. ಬಡ ರೋಗಿಗಳಲ್ಲಿ ಕೆಲವರನ್ನು ಸ್ಯಾನಿಟೋರಿಯಮ್ಮಿನಲ್ಲಿಟ್ಟು, ಕೆಲವರನ್ನು ಇಕ್ಕಟ್ಟಾದ ತಮ್ಮ ಮನೆಗಳಲ್ಲಿಯೇ ಇರಿಸಿ ಒಂದೇ ಮದ್ದನ್ನು ಒಂದು ವರ್ಷ ಕೊಟ್ಟು ನೋಡಿದರು. ಫಲ ಹೆಚ್ಚು ಕಡಮೆ ಒಂದೇ. ಬೆಟ್ಟದ ಗಾಳಿಯಲ್ಲ, ಬಿಡದೆ ನುಂಗಿದ ಮದ್ದೇ ರೋಗಿಯನ್ನು ಉಳಿಸುತ್ತದೆ ಎಂದು 1959ರಲ್ಲಿ ಸಿದ್ಧವಾಯಿತು.

ಅನ್ನದ ಮಾತನ್ನೂ ಮರೆಯುವಂತಿಲ್ಲ. ಮಂಗಳೂರಿನ ಯೆನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ, ಡಾ. ಮಾಧವಿ ಭಾರ್ಗವ ಮತ್ತು ಅವರ ಸಂಗಡಿಗರು ಜಾರ್ಖಂಡದಲ್ಲಿ ಕ್ಷಯರೋಗಿಗಳ ಮನೆಯವರಿಗೆ ತಿಂಗಳಿಗೆ ತಲಾ 5 ಕಿಲೋ ಅಕ್ಕಿ, ಒಂದೂವರೆ ಕಿಲೋ ಬೇಳೆ ಮತ್ತು ಜೀವಸತ್ವದ ಮಾತ್ರೆ ಕೊಟ್ಟು ನೋಡಿದರು. 2023ರಲ್ಲಿ ಪ್ರಕಟವಾದ ಫಲ ಇದು: ಈ ಆಹಾರ ಸಿಕ್ಕ ಮನೆಗಳಲ್ಲಿ ಹೊಸದಾಗಿ ಕ್ಷಯ ತಗುಲಿದವರ ಪ್ರಮಾಣ ನೂರಕ್ಕೆ ಸುಮಾರು 40ರಷ್ಟು ಕಡಮೆ. ರೋಗಿಗಳಲ್ಲಿಯೂ ಮೊದಲ ಎರಡು ತಿಂಗಳಲ್ಲಿ ತೂಕ ಏರಿದವರು ಹೆಚ್ಚಾಗಿ ಬದುಕಿಕೊಂಡರು. ಸರ್ಕಾರ 2018ರಿಂದ ಕ್ಷಯರೋಗಿಗಳ ಆಹಾರಕ್ಕೆಂದು ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರಿನಿಂದ ಅದನ್ನು 1,000 ರೂಪಾಯಿಗೆ ಏರಿಸಿದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಪರೀಕ್ಷೆಯೂ ಮದ್ದೂ ಉಚಿತ. ನಾಚಿಕೆಪಡದೆ ಕೇಳಿ ಪಡೆಯಿರಿ. ಕಾಳು, ಬೇಳೆ, ಮೊಟ್ಟೆ, ಕಡಲೆಕಾಯಿ, ಹಾಲು — ಕೈಗೆ ಎಟುಕುವುದನ್ನು ದಿನವೂ ಕೊಡಿ. ‘ಶೀತ’, ‘ಪಿತ್ತ’ ಎಂದು ಪಥ್ಯದ ಹೆಸರಿನಲ್ಲಿ ರೋಗಿಯನ್ನು ಬರಿಯ ಗಂಜಿಯ ಮೇಲೆ ಇಡಬೇಡಿ.

ಇನ್ನು ಎರಡನೆಯ ಮೋಸದ ಗುಣವನ್ನು ನೋಡೋಣ. ನ್ಯುಮೋನಿಯಾ ಬಂದವರಿಗೆ ಮದ್ದು ಆರಂಭಿಸಿದ ಮೂರು ನಾಲ್ಕು ದಿನಗಳಲ್ಲಿ ಜ್ವರ ಇಳಿಯಬೇಕು. ಇಳಿದು ಮತ್ತೆ ಏರಿದರೆ, ಅಥವಾ ಇಳಿಯದೆಯೇ ಪಕ್ಕೆ ನೋವು, ಚಳಿ, ಬೆವರು ಮುಂದುವರಿದರೆ, ಪೊರೆಗಳ ನಡುವೆ ಕೀವು ಕಟ್ಟಿರಬಹುದು. ಈ ಕೀವಿಗೆ ಬರಿಯ ಮಾತ್ರೆ ಸೂಜಿಮದ್ದು ಸಾಲದು. ಅದನ್ನು ಹೊರಗೆ ಹರಿಯಿಸಬೇಕು, ಅದೂ ಬೇಗ. ಮೊದಲು ಅದು ನೀರಿನಂತೆ ತೆಳು. ದಿನಗಳು ಕಳೆದಂತೆ ಒಳಗೆ ಜೇನುಗೂಡಿನಂತೆ ಅಡ್ಡಪೊರೆಗಳು ಹುಟ್ಟುತ್ತವೆ. ವಾರಗಳು ಕಳೆದರೆ ಶ್ವಾಸಕೋಶದ ಸುತ್ತ ತೆಂಗಿನ ಕರಟದಂಥ ಗಟ್ಟಿ ಸಿಪ್ಪೆ ಕಟ್ಟಿ, ಅದು ಹಿಗ್ಗಲಾರದೆ ಸೆರೆಯಾಗುತ್ತದೆ. ಮೊದಲ ಹಂತದಲ್ಲಿ ಒಂದು ಕೊಳವೆಯಿಂದ ಮುಗಿಯುವ ಕೆಲಸ ಕೊನೆಯ ಹಂತದಲ್ಲಿ ದೊಡ್ಡ ಶಸ್ತ್ರಕ್ರಿಯೆಯಾಗುತ್ತದೆ.

ಹರಿಯಿಸುವುದರಲ್ಲಿಯೂ ಒಂದು ಕ್ರಮವಿದೆ; ಅದನ್ನು ಕಲಿಯಲು ವೈದ್ಯಲೋಕ ದೊಡ್ಡ ಬೆಲೆ ತೆತ್ತಿದೆ. 1918ರಲ್ಲಿ ಅಮೆರಿಕದ ಸೈನ್ಯದ ಶಿಬಿರಗಳಲ್ಲಿ ನ್ಯುಮೋನಿಯಾದ ಬೆನ್ನಲ್ಲಿ ಕೀವು ಕಟ್ಟಿ ಯುವಕರು ಸಾಯುತ್ತಿದ್ದರು. ಕೀವು ಕಂಡೊಡನೆ ಎದೆಯನ್ನು ಕೊಯ್ದು ತೆರೆಯುವುದು ಅಂದಿನ ಪದ್ಧತಿ. ಹೊರಗಿನ ಗಾಳಿ ಒಳನುಗ್ಗಿ ಶ್ವಾಸಕೋಶ ಕುಸಿದು, ನೂರಕ್ಕೆ ಸುಮಾರು 30 ಮಂದಿ ತೀರಿಕೊಳ್ಳುತ್ತಿದ್ದರು. ಎವಾರ್ಟ್ಸ್ ಗ್ರಹಾಂ ಎಂಬ ಶಸ್ತ್ರವೈದ್ಯರಿದ್ದ ಒಂದು ಸಮಿತಿ ಇದನ್ನು ಪರೀಕ್ಷಿಸಿ ಮೂರು ಮಾತು ಹೇಳಿತು: ಆರಂಭದಲ್ಲಿ ಎದೆ ತೆರೆಯಬೇಡಿ, ಗಾಳಿ ಹೋಗದಂತೆ ಮುಚ್ಚಿದ ದಾರಿಯಿಂದಲೇ ಕೀವು ತೆಗೆಯಿರಿ, ಖಾಲಿ ಜಾಗ ಬೇಗ ಮುಚ್ಚಿಕೊಳ್ಳುವಂತೆ ನೋಡಿಕೊಳ್ಳಿ, ರೋಗಿಗೆ ಹೊಟ್ಟೆತುಂಬ ಪುಷ್ಟಿಯಾದ ಆಹಾರ ಕೊಡಿ. ಇದನ್ನು ಪಾಲಿಸಿದ ಮೇಲೆ ಸಾವು ನೂರಕ್ಕೆ ಐದಕ್ಕಿಂತ ಕೆಳಗಿಳಿಯಿತು. ಆ ಕಾಲಕ್ಕೆ ಪೆನಿಸಿಲಿನ್ ಕೂಡ ಇರಲಿಲ್ಲ ಎಂಬುದನ್ನು ನೆನೆದರೆ ಈ ಮೂರು ಮಾತಿನ ಬೆಲೆ ತಿಳಿಯುತ್ತದೆ.

ಇಂದು ಆಸ್ಪತ್ರೆಯಲ್ಲಿ ರೋಗಿಯ ಪಕ್ಕೆಯಿಂದ ಕೊಳವೆಯೊಂದು ಮಂಚದ ಕೆಳಗಿನ ಬಾಟಲಿಗೆ ಇಳಿದಿರುವುದನ್ನು ನೀವು ಕಂಡಿರಬಹುದು. ಹಾಂಬುರ್ಗಿನ ಬ್ಯೂಲೌ ಎಂಬ ವೈದ್ಯ 1891ರಲ್ಲಿ ವಿವರಿಸಿದ ಉಪಾಯ ಇದು. ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಒಳಗಿನ ಕೀವು, ಗಾಳಿ ಹೊರಬರಬಹುದು. ಹೊರಗಿನ ಗಾಳಿ ಒಳಹೋಗಲಾರದು. ಉಸಿರಿನೊಡನೆ ಕೊಳವೆಯ ನೀರು ಏರಿಳಿಯುತ್ತಿದ್ದರೆ ಕೊಳವೆ ಕೆಲಸ ಮಾಡುತ್ತಿದೆ ಎಂದರ್ಥ. ರೋಗಿಯ ಬಳಿ ಇರುವವರು ಇಷ್ಟು ತಿಳಿದಿರಬೇಕು: ಬಾಟಲಿಯನ್ನು ಎಂದೂ ರೋಗಿಯ ಎದೆಯ ಮಟ್ಟಕ್ಕೆ ಎತ್ತಬಾರದು, ನಡೆಸಿಕೊಂಡು ಹೋಗುವಾಗಲೂ ಕೆಳಗೇ ಹಿಡಿದಿರಬೇಕು. ಗುಳ್ಳೆ ಬರುತ್ತಿರುವ ಕೊಳವೆಯನ್ನು ನೀವಾಗಿ ಮಡಿಸಿ ಬಿಗಿಯಬಾರದು. ಬಾಟಲಿ ಉರುಳಿದರೆ, ಕೊಳವೆ ಕಳಚಿದರೆ, ಏರಿಳಿತ ತಟ್ಟನೆ ನಿಂತರೆ ಕೂಡಲೇ ನರ್ಸಮ್ಮನನ್ನು ಕರೆಯಿರಿ. ಅಡ್ಡಪೊರೆ ಕಟ್ಟಿದ ಕೀವನ್ನು ಕರಗಿಸಲು ಎರಡು ಮದ್ದುಗಳನ್ನು ಕೊಳವೆಯ ಮೂಲಕ ಒಟ್ಟಿಗೆ ಹಾಕಿದರೆ ಎಷ್ಟೋ ಮಂದಿಗೆ ಶಸ್ತ್ರಕ್ರಿಯೆ ತಪ್ಪುತ್ತದೆ ಎಂದು 2011ರ ಒಂದು ಪ್ರಯೋಗದಿಂದ ತಿಳಿಯಿತು. ಅದಕ್ಕೂ ಬಗ್ಗದಿದ್ದರೆ ಪಕ್ಕೆಯಲ್ಲಿ ಚಿಕ್ಕ ರಂಧ್ರ ಮಾಡಿ ದುರ್ಬೀನಿನ ಸಹಾಯದಿಂದ ಆ ಸಿಪ್ಪೆಯನ್ನು ಬಿಡಿಸುತ್ತಾರೆ.

ಕೊಳವೆ ಹಾಕಿದೆಯೆಂದು ರೋಗಿ ಅಲುಗದೆ ಮಲಗಿರುವುದು ಸರಿಯಲ್ಲ. ಮುದುರಿದ ಶ್ವಾಸಕೋಶ ಬಿಚ್ಚಿಕೊಳ್ಳಬೇಕಾದರೆ ಅದಕ್ಕೆ ಕೆಲಸ ಬೇಕು. ನೋವಿಗೆ ಮದ್ದು ಕೊಟ್ಟು, ದಿನಕ್ಕೆ ಹಲವು ಸಲ ಎದ್ದು ಕೂರಿಸಿ, ಆಳವಾಗಿ ಉಸಿರೆಳೆಸಬೇಕು. ಮೂರು ಚೆಂಡುಗಳನ್ನು ಉಸಿರಿನಿಂದ ಮೇಲಕ್ಕೆತ್ತುವ ಆಟಿಗೆಯಂಥ ಉಪಕರಣವನ್ನು ಇದಕ್ಕೇ ಕೊಡುತ್ತಾರೆ. ಕೀವು ನಿಂತ ಮೇಲೂ ಮದ್ದು ಕೆಲವು ವಾರ ನಡೆಯುತ್ತದೆ. ಇಲ್ಲಿಯೂ ಅದೇ ಮಾತು: ಜ್ವರ ಬಿಟ್ಟಿತೆಂದು ಮದ್ದು ಬಿಡಬೇಡಿ.

ಬೇರೆ ಎರಡು ಸಂಗತಿಗಳನ್ನು ಚಿಕ್ಕದಾಗಿ ಹೇಳುತ್ತೇನೆ. ಆರೋಗ್ಯವಾಗಿ ಓಡಾಡುತ್ತಿದ್ದವರಿಗೆ ಇದ್ದಕ್ಕಿದ್ದಂತೆ ಒಂದು ಪಕ್ಕದಲ್ಲಿ ನೋವು, ಉಸಿರು ಸಾಲದಾಗುವುದು, ಹೀಗಾದರೆ ಪೊರೆಗಳ ನಡುವೆ ಗಾಳಿ ಸೇರಿರಬಹುದು. ಇದು ಕಾಯುವ ಕಾಯಿಲೆಯಲ್ಲ. ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ಇನ್ನು ವಯಸ್ಸಾದವರಲ್ಲಿ, ಬೀಡಿ ಸಿಗರೇಟು ಸೇದಿದವರಲ್ಲಿ, ರಕ್ತ ಬೆರೆತ ನೀರು ಮತ್ತೆ ಮತ್ತೆ ತುಂಬಿದರೆ ಕ್ಯಾನ್ಸರಿನ ಸಂಶಯ ಬರುತ್ತದೆ. ಹಾಗಾದರೂ ಕೈಚೆಲ್ಲಬೇಕಾಗಿಲ್ಲ. ಟಾಲ್ಕ್ ಪುಡಿ ಹಾಕಿ ಎರಡು ಪೊರೆಗಳನ್ನು ಒಂದಕ್ಕೊಂದು ಅಂಟಿಸಬಹುದು. ಸಣ್ಣ ಕೊಳವೆ ಇಟ್ಟು ಮನೆಯಲ್ಲಿಯೇ ನೀರು ತೆಗೆಯುವಂತೆ ಮಾಡಬಹುದು. ರೋಗ ವಾಸಿಯಾಗದಿದ್ದರೂ ಉಸಿರು ಹಗುರವಾಗಿ ರಾತ್ರಿ ನಿದ್ದೆ ಬರುವುದು ಸಣ್ಣ ಉಪಕಾರವಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ಮನೆಯಲ್ಲಿ ನೀವು ಮಾಡಬೇಕಾದದ್ದೇನು? ಉಸಿರಿನೊಡನೆ ಹೆಚ್ಚುವ ಪಕ್ಕೆನೋವಿನ ಜೊತೆಗೆ ಜ್ವರವೋ ಕೆಮ್ಮೋ ಇದ್ದರೆ ಶಾಖದ ಮೇಲೆ ನಂಬಿಕೆಯಿಟ್ಟು ದಿನ ಕಳೆಯಬೇಡಿ. ನೋವು ತಾನಾಗಿ ನಿಂತು ಏದುಸಿರು ಬಂದರೆ ಇನ್ನೂ ಬೇಗ ಹೊರಡಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ. ಗಡಿಯಾರ ಹಿಡಿದು ಉಸಿರು ಎಣಿಸುವುದನ್ನು ಕಲಿಯಿರಿ. ದೊಡ್ಡವರಿಗೆ ನಿಮಿಷಕ್ಕೆ 30 ಮುಟ್ಟಿದರೆ, ಒಂದರಿಂದ ಐದು ವರ್ಷದ ಮಗುವಿಗೆ 40, ಎರಡು ತಿಂಗಳು ತುಂಬಿದ, ವರ್ಷ ತುಂಬದ ಕೂಸಿಗೆ 50 ಮುಟ್ಟಿದರೆ ಅದು ಅಪಾಯದ ಗಂಟೆ. ತುಟಿ ನೀಲಿಯಾದರೆ, ಕಫದಲ್ಲಿ ರಕ್ತ ಬಂದರೆ, ಮಾತು ತೊದಲಿ ಮಂಪರು ಕವಿದರೆ ಬೆಳಗಾಗುವುದನ್ನು ಕಾಯಬೇಡಿ. ಕ್ಷಯವೆಂದು ತಿಳಿದರೆ ಮನೆಯ ಎಲ್ಲರೂ, ಮುಖ್ಯವಾಗಿ ಮಕ್ಕಳು, ಪರೀಕ್ಷೆ ಮಾಡಿಸಿಕೊಳ್ಳಿ. ರೋಗ ಬಾರದಂತೆ ಕೊಡುವ ಮದ್ದೂ ಉಂಟು. ಬೀಡಿ ಸಿಗರೇಟನ್ನು ಬಿಡಿ. ಬಿಡಲು ಕಷ್ಟವಾದರೆ ಅದಕ್ಕೂ ಸಹಾಯ ಕೇಳಿ. ವೈದ್ಯರು ‘ಆರು ತಿಂಗಳು’ ಎಂದರೆ ‘ಏಕೆ?’ ಎಂದು ಕೇಳಿ. ಹೊರಗೆ ಐವತ್ತು ಮಂದಿ ನಿಂತಿದ್ದರೂ ಕೇಳಿ. ಅದು ನಿಮ್ಮ ಹಕ್ಕು. ಉತ್ತರ ಹೇಳುವುದು ನಮ್ಮ ಕರ್ತವ್ಯ.

ಆ ತಾಯಿ ಕೇಳಿದ ಪ್ರಶ್ನೆಗೆ ಈಗ ಉತ್ತರ ಹೇಳಬಲ್ಲೆ. “ನೋವು ಹೋಯಿತಲ್ಲ ಸ್ವಾಮಿ, ಇನ್ನೇನು?” ಎಂದಿದ್ದಳು. ನೋವು ಕಾವಲುಗಾರನಿದ್ದಂತೆ ತಾಯಿ. ಕಾವಲುಗಾರ ಕೂಗುವುದನ್ನು ನಿಲ್ಲಿಸಿದನೆಂದರೆ ಕಳ್ಳ ಹೋದನೆಂದೇ ಅರ್ಥವಲ್ಲ. ಒಳಗೆ ಹೋಗಿ ಒಮ್ಮೆ ನೋಡಿಕೊಂಡು ಬರೋಣ. ಆಮೇಲೆ ಬೇಕಾದರೆ ದೇವರಿಗೆ ಹಣ್ಣುಕಾಯಿ ಮಾಡಿಸೋಣ.